ಪದಚರ್ಚೆ: ‘ಮುತಾಬಅ’, ‘ಶಾಹಿದ್’ಗೆ ಕನ್ನಡ ಬೇಕು (ತುರ್ತು)

ಚಿಕ್ಕಮಗಳೂರಿನಿಂದ:
ಎಲ್ಲರಿಗೂ ನಮಸ್ಕಾರ. ಹದೀಸ್‌ಗಳನ್ನು (ಪ್ರವಾದಿ ಮುಹಮ್ಮದರ ನಡೆನುಡಿಯ ವರದಿಗಳನ್ನು) ಹೇಗೆ ಒರೆಗೆ ಹಚ್ಚುತ್ತಾರೆ ಎಂಬ ಕಿರುಪುಸ್ತಕವನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆ ಪ್ರೆಸ್ಸಿಗೆ ಕೊಡಬೇಕು. ಒಬ್ಬ ವರದಿಗಾರ ಹೇಳಿದ್ದನ್ನು ಅದೇ ಸಹಾಬಿಯಿಂದ (ಪ್ರವಾದಿಯ ಒಡನಾಡಿಯಿಂದ) ಬಂದ ಸನದಿನಲ್ಲಿ (ಯಾರಿಂದ ಯಾರು ಕೇಳಿದರು ಎಂಬ ಹೆಸರುಗಳ ಸಾಲಿನಲ್ಲಿ) ಇನ್ನೊಬ್ಬನೂ ಹೇಳಿದ್ದರೆ ಮುತಾಬಅ. ಅದೇ ಅರ್ಥದ ಮಾತು ಬೇರೆ ಸಹಾಬಿಯಿಂದ ಬಂದಿದ್ದರೆ ಶಾಹಿದ್. ಎರಡಕ್ಕೂ ‘ಪೂರಕ ಸಾಕ್ಷ್ಯ’ ಎಂದು ಹಾಕಿದ್ದೆ. ವ್ಯತ್ಯಾಸವೇ ಅಳಿಸಿಹೋಯಿತು.

ಹಾಸನದಿಂದ:
‘ಪೂರಕ ಸಾಕ್ಷ್ಯ’ ತೆಗೆದುಹಾಕಿ. ಶಾಹಿದ್ ಅಂದರೆ ನೇರವಾಗಿ ಸಾಕ್ಷಿ. ಮುತಾಬಅಕ್ಕೆ ‘ಒತ್ತಾಸೆ’ ಇರಲಿ.

ಹದೀಸ್ ವಿದ್ವಾಂಸ ಇಬ್ನ್ ಹಜರ್ (ನಿಧನ 1449) ಕೊಡುವ ಉದಾಹರಣೆಗೇ ಹಚ್ಚಿ ನೋಡಿ. ಚಂದ್ರ ಕಾಣದಿದ್ದರೆ ತಿಂಗಳಿಗೆ 30 ದಿನ ತುಂಬಿಸಿ ಎಂಬ ಹದೀಸ್. ಗುರು ಮಾಲಿಕರಿಂದ ಕೇಳಿ ಈ ಪದಗಳಲ್ಲಿ ಹೇಳಿದವರು ಅವರ ಶಿಷ್ಯ ಶಾಫಿಈ ಒಬ್ಬರೇ ಎಂದು ಕೆಲವರು ತಿಳಿದಿದ್ದರು. ಬುಖಾರಿಯವರ ಹದೀಸ್ ಸಂಗ್ರಹದಲ್ಲಿ ನೋಡಿದರೆ ಇನ್ನೊಬ್ಬ ಶಿಷ್ಯ ಕಅನಬಿಯೂ ಮಾಲಿಕರಿಂದ ಹಾಗೇ ಹೇಳಿದ್ದಾರೆ. ಒಬ್ಬರೇ ಗುರು, ಹಾಗಾಗಿ ಇದು ಪೂರ್ತಿ ಒತ್ತಾಸೆ. ಗುರು ಬೇರೆಯಾಗಿ, ಸನದು ಮೇಲೆ ಇದನ್ನು ಹೇಳಿದ ಸಹಾಬಿ ಇಬ್ನ್ ಉಮರ್ ಹತ್ತಿರ ಹೋಗಿ ಕೂಡಿದರೆ ಅರೆ ಒತ್ತಾಸೆ. ಅದೇ ಮಾತು ನಸಾಈಯವರ ಸಂಗ್ರಹದಲ್ಲಿ ಬೇರೆ ಸಹಾಬಿ ಇಬ್ನ್ ಅಬ್ಬಾಸರಿಂದಲೂ ಇದೆ. ಅದು ಸಾಕ್ಷಿ.

ಇನ್ನೊಂದು ಮಾತು. ಮುತಾಬಅದ ಬೇರಿನಿಂದಲೇ ನಮ್ಮ ‘ತಾಬೆ’ ಬಂದಿದೆ. ತಾಬಿಅ್ ಅಂದರೆ ಹಿಂಬಾಲಿಸುವವನು. ವಕೀಲರು ಪಡೆಯುವ ‘ಸನದು’ ಕೂಡ ಇದೇ ಸನದು, ಮೂಲ ಅರ್ಥ ಒರಗುವ ಆಸರೆ. ಹಾಗಾಗಿ ಸನದನ್ನು ‘ಸರಪಳಿ’ ಮಾಡಬೇಡಿ.

ಸಕಲೇಶಪುರದಿಂದ:
ಒತ್ತಾಸೆ ಸರಿ. ಸನದು ಬೇಡ. ‘ಹೇಳಿಕೆಯ ಸಾಲು’ ಅನ್ನಿ. ಕನ್ನಡದಲ್ಲಿ ಪದ ಇರುವಾಗ ಎರವಲು ಯಾಕೆ?

ಹಾಸನದಿಂದ:
ಸಾಲು ಅಂದರೆ ಪುಟದ ಸಾಲು ಅಂತ ಓದುತ್ತಾರೆ. ಅರ್ಜಿ, ತಕರಾರು, ಜಮೀನು, ರುಜು ಎಲ್ಲ ಬಿಟ್ಟು ತಾಲ್ಲೂಕು ಕಚೇರಿಯಲ್ಲಿ ಒಂದು ಕೆಲಸ ಮಾಡಿಸಿ ನೋಡಿ. ತಾಲ್ಲೂಕು, ಕಚೇರಿ ಕೂಡ ಹೊರಗಿನವೇ. ಇನ್ನೂರು ವರ್ಷ ನಮ್ಮ ನಾಲಿಗೆ ಮೇಲೆ ಆಡಿದ ಪದ ಎರವಲಲ್ಲ.

ಸಕಲೇಶಪುರದಿಂದ:
ವಕೀಲರ ನಾಲಿಗೆ ಮೇಲೆ ಆಡಿರಬಹುದು. ನಮ್ಮ ಅಜ್ಜಿಗೆ ಸನದು ಗೊತ್ತಿರಲಿಲ್ಲ. ಒತ್ತಾಸೆ ಗೊತ್ತಿತ್ತು.

ಚಿಕ್ಕಮಗಳೂರಿನಿಂದ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಒತ್ತಾಸೆ, ಸಾಕ್ಷಿ ಹಾಕಿದೆ. ಸನದು ಉಳಿಸಿಕೊಂಡೆ, ಮೊದಲ ಸಲ ಬಂದಲ್ಲಿ ಅರ್ಥ ಬಿಡಿಸಿ ಹೇಳಿದ್ದೇನೆ. ನೆನಪಿನ ಶಕ್ತಿ ಕಡಿಮೆ ಇದ್ದವನ ವರದಿಯನ್ನು ಒತ್ತಾಸೆ ಮೇಲೆತ್ತುತ್ತದೆ, ಸುಳ್ಳುಗಾರನದನ್ನು ಎತ್ತುವುದಿಲ್ಲ ಎಂಬ ವಾಕ್ಯ ಈಗ ಸಲೀಸಾಗಿ ಕೂತಿದೆ. ‘ಪೂರಕ ಸಾಕ್ಷ್ಯ’ ಇದ್ದಾಗ ಅದು ಕೂರುತ್ತಲೇ ಇರಲಿಲ್ಲ.