20ನೇ ತಾರೀಖಿಗೇ ಸಂಬಳ ಖಾಲಿ, ಮನೆ ಖರ್ಚು ಎಲ್ಲಿ ಕಡಿಮೆ ಮಾಡ್ಲಿ?

ಉತ್ತರಹಳ್ಳಿ_ಅಮ್ಮ:
ಎಲ್ಲರಿಗೂ ನಮಸ್ಕಾರ. ನಾವು ಉತ್ತರಹಳ್ಳಿ ಹತ್ರ ಬಾಡಿಗೆ ಮನೇಲಿದೀವಿ, ನಾನು ನಮ್ಮೆಜಮಾನ್ರು ಇಬ್ರೂ ಕೆಲಸಕ್ಕೆ ಹೋಗ್ತೀವಿ, ಇಬ್ರದ್ದೂ ಸೇರಿ ಕೈಗೆ 62 ಸಾವಿರ ಬರತ್ತೆ. ಬಾಡಿಗೆ 17, ಮಗಳ ಸ್ಕೂಲ್ ಫೀಸಿಗೆ ಅಂತ ಎತ್ತಿಡೋದು 8, ಊರಲ್ಲಿ ಅತ್ತೆಗೆ ಕಳ್ಸೋದು 5, ಈ ಮೂರನ್ನ ಮುಟ್ಟೋ ಹಾಗಿಲ್ಲ. ಉಳಿದ 32ರಲ್ಲಿ ಸಂಸಾರ ನಡೀಬೇಕು ಆದ್ರೆ 20ನೇ ತಾರೀಖಿಗೆಲ್ಲಾ ಮುಗಿದೋಗತ್ತೆ, ಆಮೇಲೆ ಕ್ರೆಡಿಟ್ ಕಾರ್ಡೇ ಗತಿ. ಹೋದ ತಿಂಗಳು ಕಾರ್ಡಿಗೆ ಬರೀ ಮಿನಿಮಮ್ ಕಟ್ಟಿದೀವಿ, ಅವತ್ತಿಂದ ನಂಗೆ ಸರಿಯಾಗಿ ನಿದ್ದೆ ಇಲ್ಲ. ಹೋಟ್ಲಿಗೆ ಹೋಗೋದು ನಿಲ್ಸಿದ್ವಿ, ನಾನು ಸೀರೆ ತಗೊಂಡು ವರ್ಷದ ಮೇಲಾಯ್ತು, ಸೊಪ್ಪಿನವರ ಹತ್ರ 5 ರೂಪಾಯಿಗೂ ಚೌಕಾಸಿ ಮಾಡ್ತೀನಿ, ಆದ್ರೂ ಉಳೀತಿಲ್ಲ. ಪಾತ್ರೆ, ಕಸ ಮುಸುರೆಗೆ ಬರೋ ಅಕ್ಕನ್ನ ಬಿಡ್ಸೋಣ ಅಂತಾರೆ ಎಜಮಾನ್ರು, ಅವರಿಗೆ 2500 ಕೊಡ್ತೀವಿ. ಏನ್ ಮಾಡ್ಲಿ ದಯವಿಟ್ಟು ಹೇಳಿ.

ಲೆಕ್ಕದ_ಪುಸ್ತಕ:
ಮೇಡಂ ಬೇರೆ ಎಲ್ಲಾ ಆಮೇಲೆ, ಮೊದ್ಲು ಕಾರ್ಡಿನ ಬಾಕಿ ಪೂರ್ತಿ ತೀರ್ಸಿ. ಮಿನಿಮಮ್ ಕಟ್ಟಿ ಬಿಟ್ರೆ ಉಳಿದಿದ್ದಕ್ಕೆ ತಿಂಗಳಿಗೆ 3ರಿಂದ 3.5 ಪರ್ಸೆಂಟ್ ಬಡ್ಡಿ, ವರ್ಷಕ್ಕೆ 40ರ ಆಸುಪಾಸು ಆಯ್ತು, ಬಾಕಿ ಇರೋ ತನಕ ಹೊಸದಾಗಿ ಉಜ್ಜಿದ್ದಕ್ಕೂ ಅವತ್ತಿಂದ್ಲೇ ಬಡ್ಡಿ ಓಡತ್ತೆ. ಚಿಕ್ಕದೊಂದು ಎಫ್‌ಡಿ ಇದ್ರೂ ಮುರಿದು ಕಟ್ಬಿಡಿ, ಎಫ್‌ಡಿಲಿ ಬರೋ ಆರೇಳು ಪರ್ಸೆಂಟಿಗೆ ಆಸೆಪಟ್ಟು ಇಲ್ಲಿ 40 ಕಟ್ಟೋದ್ರಲ್ಲಿ ಅರ್ಥ ಇಲ್ಲ.

ಆಮೇಲೆ ಯುಪಿಐ ಸ್ಟೇಟ್‌ಮೆಂಟ್ ತೆಗೆದು ಒಂದು ನೋಟ್‌ಬುಕ್ಕಲ್ಲಿ ಕೈಯಾರೆ ಬರೀರಿ, ಮೊಬೈಲಲ್ಲಿ ಸುಮ್ನೆ ಕಣ್ಣಾಡಿಸಿದ್ರೆ ತಲೆಗೆ ಹೋಗಲ್ಲ. ನಾನು ಬರೆದಾಗ ಗೊತ್ತಾಗಿದ್ದು, ಹತ್ತು ನಿಮಿಷಕ್ಕೆ ಮನೆಗೆ ತಂದ್ಕೊಡೋ ಆಪಲ್ಲಿ ಒಂದೇ ತಿಂಗಳಿಗೆ 23 ಆರ್ಡರ್. ಅದ್ರಲ್ಲೊಂದು ಇನ್ನೂ ನೆನಪಿದೆ, ಒಂದು ಕಟ್ಟು ಕೊತ್ತಂಬರಿ ಒಂದು ಬ್ರೆಡ್ಡು, ಸಾಮಾನು 92 ರೂಪಾಯಿ, ಡೆಲಿವರಿ, ಹ್ಯಾಂಡ್ಲಿಂಗು, ಆರ್ಡರ್ ಚಿಕ್ಕದು ಅಂತ ಇನ್ನೊಂದು ಚಾರ್ಜು, ಎಲ್ಲಾ ಸೇರಿ 148. ಮುಂದಿನ ಸಲ ಆ ಚಾರ್ಜ್ ತಪ್ಪಿಸ್ಬೇಕು ಅಂತ ಬೇಡದೇ ಇರೋ ಬಿಸ್ಕೆಟ್ಟು ಚಿಪ್ಸು ಹಾಕಿ 199 ಮಾಡಿದೀನಿ! ಸೊಪ್ಪಿನಮ್ಮನ ಹತ್ರ 5 ರೂಪಾಯಿ ಉಳ್ಸಿ ಇಲ್ಲಿ 56 ಕಳ್ಕೊಳ್ತೀವಿ, ಕೈಯಿಂದ ನೋಟು ಹೋಗಲ್ವಲ್ಲ, ಅದಕ್ಕೇ ಗೊತ್ತಾಗಲ್ಲ. ಹಂಗೇ ಯುಪಿಐ ಆಪಲ್ಲಿ ಆಟೋಪೇ ಅಂತ ಇರತ್ತೆ, ಒಂದ್ಸಲ ಒಪ್ಪಿದ್ರೆ ದುಡ್ಡು ತಾನಾಗೇ ಹೋಗ್ತಿರತ್ತೆ, ತೆಗೆದು ನೋಡಿ, ಕಾರ್ಡಲ್ಲೂ ನೋಡಿ. ದುಡ್ಡು ಕಟ್ಟಾಗೋ 24 ಗಂಟೆ ಮುಂಚೆ ಮೆಸೇಜ್ ಬರ್ಬೇಕು ಅಂತ ಆರ್‌ಬಿಐ ರೂಲ್ ಇದೆ, ಬರತ್ತೆ ಕೂಡ, ಆದ್ರೆ ಓಟಿಪಿ, ಆಫರ್ ಮೆಸೇಜ್‌ಗಳ ಮಧ್ಯೆ ಯಾರೂ ಓದಲ್ಲ.

ಕತ್ರಿಗುಪ್ಪೆ_ಮನೆ:
ಕರೆಂಟ್ ಬಿಲ್ ಎಷ್ಟ್ ಬರ್ತಿದೆ ಅಂತ ಹೇಳ್ಲೇ ಇಲ್ವಲ್ಲ. ಗೃಹಜ್ಯೋತಿಲಿ, ಅದೇ ಸರ್ಕಾರದ ಫ್ರೀ ಕರೆಂಟ್ ಸ್ಕೀಮಲ್ಲಿ, ನಿಮ್ಮನೆಗೆ ಇಷ್ಟು ಯೂನಿಟ್ ಫ್ರೀ ಅಂತ ಫಿಕ್ಸ್ ಆಗಿರತ್ತೆ, ಅದಕ್ಕಿಂತ ಜಾಸ್ತಿ ಆದ್ರೆ ಹೆಚ್ಚಾಗಿದ್ದಕ್ಕೆ ಮಾತ್ರ ಕಟ್ಟೋದು, ಆದ್ರೆ 200 ದಾಟಿದ್ರೆ ಪೂರ್ತಿ ಬಿಲ್ ನಮ್ದೇ. ನಮಗೆ ಒಂದ್ಸಲ 207 ಬಂತು, ಬರೀ 7 ಯೂನಿಟ್‌ಗೆ ಇಡೀ ಬಿಲ್ ಕಟ್ಟಿದ್ವಿ, ಹೊಟ್ಟೆ ಉರಿದೋಯ್ತು. ಹುಡುಕಿದ್ರೆ ಗೀಸರ್. 2000 ವ್ಯಾಟ್‌ದು, ನೀರು ಕಾಯೋಕೆ ಒಂದು ಗಂಟೆ ಓಡಿದ್ರೆ 2 ಯೂನಿಟ್, ಬೆಳಗ್ಗೆ 6ಕ್ಕೆ ಹಾಕಿ ನಾಲ್ಕು ಜನ ಒಬ್ಬೊಬ್ರಾಗಿ 8 ಗಂಟೆ ತನಕ ಸ್ನಾನ ಮಾಡೋದು, ಮಧ್ಯೆ ಆರಿದ್ದನ್ನ ಅದು ಮತ್ತೆ ಮತ್ತೆ ಕಾಯ್ಸತ್ತೆ. ಈಗ ಎಲ್ರೂ ಒಬ್ರ ಹಿಂದೆ ಒಬ್ರು ಅರ್ಧ ಗಂಟೆಲಿ ಮುಗಿಸ್ತೀವಿ, ಸ್ವಿಚ್ ಆಫ್ ಮಾಡೋದು ಕೊನೇಲಿ ಹೋದವರ ಜವಾಬ್ದಾರಿ. ಅಷ್ಟರಿಂದ್ಲೇ 170ರ ಒಳಗೆ ಬಂತು. ಬಿಎಲ್‌ಡಿಸಿ ಅಂತ ಬರೋ ಹೊಸ ಥರದ ಫ್ಯಾನ್ ಹಳೇ 75 ವ್ಯಾಟ್ ಫ್ಯಾನಿನ ಅರ್ಧಕ್ಕಿಂತ ಕಡಿಮೆ ಕರೆಂಟ್ ಎಳಿಯತ್ತೆ ನಿಜ, ಆದ್ರೆ ಉಳಿತಾಯ ಅಂದ್ಕೊಂಡು ಚೆನ್ನಾಗಿರೋ ಫ್ಯಾನ್ ಕಿತ್ತು ಹೊಸದು ಹಾಕ್ಬೇಡಿ, ಇರೋದು ಕೆಟ್ಟಾಗ ನೋಡ್ಕೊಳಿ.

ಹನುಮಂತನಗರದವಳು:
ಕೆಲಸದ ಅಕ್ಕನ್ನ ಮಾತ್ರ ಬಿಡಿಸ್ಬೇಡಿ ಕಣಮ್ಮ. ನಾನು ಆ ತಪ್ಪು ಮಾಡಿದೀನಿ. ರಾತ್ರಿ ಏಳೂವರೆಗೆ ಮನೆಗ್ ಬಂದು ಸಿಂಕ್ ತುಂಬಾ ಪಾತ್ರೆ ನೋಡಿದ್ರೆ ಅಡಿಗೆ ಮಾಡೋ ಜೀವ ಇರಲ್ಲ, ಹೊರಗಿಂದ ತರಿಸ್ತೀರಿ, ವಾರಕ್ಕೆ ಎರಡು ಸಲ ತರಿಸಿದ್ರೂ ಆ 2500 ಅಲ್ಲೇ ಹೋಯ್ತು. ಅವರಿಗೂ ಮನೆ ಬಾಡಿಗೆ ಇರತ್ತೆ, ಅವರ ಹೊಟ್ಟೆ ಮೇಲೆ ಹೊಡೆದು ನಾವೇನು ಉಳ್ಸೋದು.

ಅದರ ಬದಲು ಭಾನುವಾರ ದೋಸೆ ಹಿಟ್ಟು ರುಬ್ಬಿಡಿ, ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ ಒಂದು ಚಮಚ ಮೆಂತ್ಯ, ಬುಧವಾರದ ತನಕ ಬರತ್ತೆ, ಪ್ಯಾಕೆಟ್ ಹಿಟ್ಟು ತರೋದು ತಪ್ಪತ್ತೆ. ತರಕಾರಿಗೆ ಕೆ.ಆರ್. ಮಾರ್ಕೆಟ್ ಅಗ್ಗ ಅಂತ ಅಲ್ಲೀ ತನಕ ಆಟೋಲಿ ಹೋಗ್ಬೇಡಿ, ಹತ್ತಿರದ ಹಾಪ್‌ಕಾಮ್ಸ್ ತರಕಾರಿ ಅಂಗಡಿ ಸಾಕು. ಬಿಎಂಟಿಸಿ ಆರ್ಡಿನರಿ ಬಸ್ಸು 2023ರ ಜೂನಿಂದ ಹೆಂಗಸ್ರಿಗೆ ಫ್ರೀ ಇದೆ, ಆಫೀಸಿಗೆ ಆಟೋ ಮಾಡ್ತಿದ್ರೆ ಅದನ್ನೂ ಯೋಚ್ನೆ ಮಾಡಿ. ಮನೇಲಿ ಬಿಪಿ ಶುಗರ್ ಮಾತ್ರೆ ಇದ್ರೆ ಡಾಕ್ಟ್ರನ್ನ ಒಂದ್ಮಾತು ಕೇಳಿ ಜನೌಷಧಿ ಕೇಂದ್ರದಲ್ಲಿ ತಗೊಳಿ, ನಮ್ಮನೆಯವರ ಮಾತ್ರೆ ಖರ್ಚು ಅರ್ಧಕ್ಕಿಂತ ಕಡಿಮೆಗೆ ಇಳೀತು.

ಉತ್ತರಹಳ್ಳಿ_ಅಮ್ಮ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಇಬ್ರೂ ಕೂತು ಬರೆದ್ವಿ. ಆಟೋಪೇ ನಾಲ್ಕು ಸಿಕ್ತು, ಒಂದು ಮಗಳು ಹಾಕಿಸ್ಕೊಂಡಿದ್ದ ಡ್ರಾಯಿಂಗ್ ಆಪು, ಅವಳು ಅದನ್ನ ಮುಟ್ಟಿ ಆರು ತಿಂಗಳಾಗಿದೆ, ಮೂರನ್ನ ಕ್ಯಾನ್ಸಲ್ ಮಾಡಿದ್ವಿ, ತಿಂಗಳಿಗೆ 870 ಉಳೀತು. ಆಪ್ ಆರ್ಡರ್ 19 ಇತ್ತು, ಎಜಮಾನ್ರು ತಾವೇ ಅನ್‌ಇನ್‌ಸ್ಟಾಲ್ ಮಾಡಿದ್ರು. ಕಾರ್ಡಿಗೆ ಎಫ್‌ಡಿ ಮುರೀತಿದೀವಿ. ಅಕ್ಕ ಇರ್ತಾರೆ, ಅವರನ್ನ ಬಿಡ್ಸೋ ಮಾತು ಆಡಿದ್ದಕ್ಕೇ ಬೇಜಾರಾಯ್ತು ನಂಗೆ. ಆದ್ರೆ ಕರೆಂಟ್ ಬಿಲ್ 900 ಚಿಲ್ರೆ ಬರ್ತಿದೆ, ಗೃಹಜ್ಯೋತಿ ಬಾಡಿಗೆಯವರಿಗೂ ಸಿಗತ್ತಾ? ಮೀಟರ್ ಓನರ್ ಹೆಸರಲ್ಲಿದೆ.

ಕತ್ರಿಗುಪ್ಪೆ_ಮನೆ:
ಸಿಗತ್ತೆ. ಬಿಲ್ಲಲ್ಲಿರೋ ಅಕೌಂಟ್ ಐಡಿ, ನಿಮ್ಮ ಆಧಾರ್, ಬಾಡಿಗೆ ಕರಾರು ಪತ್ರ ಇಟ್ಕೊಂಡು ಸರ್ಕಾರದ ಸೇವಾಸಿಂಧು ವೆಬ್‌ಸೈಟಲ್ಲಿ ಅಪ್ಲೈ ಮಾಡಿ. ನಿಮಗಿಂತ ಮುಂಚೆ ಇದ್ದವರ ಆಧಾರ್ ಆ ಮೀಟರ್‌ಗೆ ಲಿಂಕ್ ಆಗಿದ್ರೆ ಅವರು ಡೀಲಿಂಕ್ ಮಾಡ್ಬೇಕಾಗತ್ತೆ, ಓನರ್ ಹತ್ರ ಅವರ ನಂಬರ್ ಇರತ್ತೆ ಕೇಳಿ. ನೀವು ಹಳೇ ಮನೇಲಿ ಮಾಡ್ಸಿದ್ರೆ ನಿಮ್ದೂ ಅಲ್ಲಿಂದ ತೆಗೆಸ್ಬೇಕು, ಅದನ್ನ ಮೊದ್ಲು ನೋಡ್ಕೊಳಿ.