ಮಗನಿಗೆ ಮೈಕ್ರೊಅರೇ ಬರೆದುಕೊಟ್ಟಿದ್ದಾರೆ, ಏನದು?

ಪ್ರಶ್ನೆ
ಮಗನಿಗೆ ಮೂರು ವರ್ಷ. "ಅಪ್ಪ" ಬಿಟ್ಟರೆ ಮಾತಿಲ್ಲ. ಕ್ಯಾರಿಯೋಟೈಪ್ ನಾರ್ಮಲ್ ಬಂತು. ಈಗ ಕ್ರೋಮೋಸೋಮಲ್ ಮೈಕ್ರೊಅರೇ ಮಾಡಿಸಿ ಅಂದಿದ್ದಾರೆ. ಒಂದ್ಸಲ ಕ್ರೋಮೋಸೋಮ್ ನೋಡಿ ಆಯ್ತಲ್ಲ, ಮತ್ತೆ ಯಾಕೆ? ನಾನು ಬಿ.ಕಾಂ. ಓದಿದವನು, ಅರ್ಥವಾಗುವ ಹಾಗೆ ಹೇಳಿ.

ಉತ್ತರ 1
ಸರ್, ಈ ಟೆಸ್ಟಿನ ಸ್ಲೈಡ್‌ಗಳ ಜೊತೆಗೇ ಲ್ಯಾಬಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು ನಾನು. ಕ್ಯಾರಿಯೋಟೈಪ್ ಅಂದರೆ ಕ್ರೋಮೋಸೋಮ್‌ಗಳನ್ನು ಮೈಕ್ರೊಸ್ಕೋಪಿನಲ್ಲಿ ನೋಡುವುದು. ಕ್ರೋಮೋಸೋಮ್ ಅಂದರೆ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಡಿಎನ್‌ಎಯ ಉದ್ದನೆಯ ಎಳೆ. ಸುಮಾರು 50 ಲಕ್ಷ ಅಕ್ಷರಕ್ಕಿಂತ ಚಿಕ್ಕ ತುಂಡು ಕಳೆದುಹೋಗಿದ್ದರೆ ಅದರಲ್ಲಿ ಕಾಣುವುದು ಕಷ್ಟ.

ಚುಕ್ಕಿ ರಂಗೋಲಿ ನೋಡಿದ್ದೀರಲ್ಲ? ಮೈಕ್ರೊಅರೇಯಲ್ಲಿ ಗಾಜಿನ ಸ್ಲೈಡಿನ ಮೇಲೆ ಹಾಗೇ ಸಾಲುಸಾಲು ಚುಕ್ಕಿ, ಹತ್ತಾರು ಸಾವಿರ. ಒಂದೊಂದರಲ್ಲೂ ಕ್ರೋಮೋಸೋಮಿನ ಒಂದೊಂದು ಜಾಗದ ಡಿಎನ್‌ಎ ತುಂಡು ಅಂಟಿಸಿರುತ್ತಾರೆ. ಅದು ತನ್ನ ಜೋಡಿಯನ್ನಷ್ಟೇ ಹಿಡಿಯುತ್ತದೆ: ಎ ಇದ್ದಲ್ಲಿ ಟಿ, ಜಿ ಇದ್ದಲ್ಲಿ ಸಿ. ಮಗನ ಡಿಎನ್‌ಎಗೆ ಕೆಂಪು ಬಣ್ಣ, ಹೋಲಿಸಲು ಇಟ್ಟ ಬೇರೆಯವರ ಡಿಎನ್‌ಎಗೆ ಹಸಿರು. ಎರಡನ್ನೂ ಬೆರೆಸಿ ಸ್ಲೈಡಿಗೆ ಹಾಕಿ, 65 ಡಿಗ್ರಿ ಬಿಸಿಯಲ್ಲಿ ಒಂದಿಡೀ ದಿನ ಮೆಲ್ಲಗೆ ತಿರುಗಲು ಬಿಡುತ್ತಿದ್ದೆವು. ಆಮೇಲೆ ತೊಳೆದು ಸ್ಕ್ಯಾನ್. ಇಬ್ಬರದೂ ಸಮ ಇದ್ದರೆ ಚುಕ್ಕಿ ಹಳದಿ. ಮಗನಲ್ಲಿ ಕಡಿಮೆ ಇದ್ದರೆ ಹಸಿರಿನ ಕಡೆಗೆ, ಜಾಸ್ತಿ ಇದ್ದರೆ ಕೆಂಪಿನ ಕಡೆಗೆ.

ಒಂದೇ ಚುಕ್ಕಿ ಹಸಿರಾದರೆ ನಾವು ನಂಬುತ್ತಿರಲಿಲ್ಲ. ಕ್ರೋಮೋಸೋಮಿನಲ್ಲಿ ಅದರ ಅಕ್ಕಪಕ್ಕದ ಜಾಗಗಳ ಚುಕ್ಕಿಗಳೂ ಹಾಗೇ ಬರಬೇಕು. ಅವು ಸ್ಲೈಡಿನಲ್ಲಿ ಚೆಲ್ಲಾಪಿಲ್ಲಿ ಇರುತ್ತವೆ, ಕಂಪ್ಯೂಟರ್ ಸಾಲಾಗಿ ಜೋಡಿಸಿ ಗ್ರಾಫಿನಲ್ಲಿ ಗೆರೆಯಾಗಿ ತೋರಿಸುತ್ತದೆ. 22ನೇ ಕ್ರೋಮೋಸೋಮಿನಲ್ಲಿ ಸುಮಾರು 30 ಲಕ್ಷ ಅಕ್ಷರ ಇಲ್ಲದ ಮಗುವಿನ ರಿಪೋರ್ಟ್ ಮೊದಲ ಸಲ ನೋಡಿದಾಗ, ಗೆರೆ ಒಂದು ಕಡೆ ಮೆಟ್ಟಿಲಿಳಿದ ಹಾಗೆ ಕೆಳಗಿಳಿದಿತ್ತು. ಆ ಮಗುವಿನದೂ ಕ್ಯಾರಿಯೋಟೈಪ್ ನಾರ್ಮಲ್ಲೇ.

ಉತ್ತರ 2
ನಮ್ಮ ಮಗಳ ರಿಪೋರ್ಟಿನಲ್ಲಿ ಒಂದು ಸಣ್ಣ ತುಂಡು ಇಲ್ಲ, ಅರ್ಥ ಖಚಿತವಿಲ್ಲ ಅಂತ ಬಂತು. ಎರಡು ರಾತ್ರಿ ನಿದ್ದೆ ಮಾಡಿಲ್ಲ. ಆಮೇಲೆ ನಮ್ಮಿಬ್ಬರ ರಕ್ತವನ್ನೂ ನೋಡಿದರು. ಅದೇ ತುಂಡು ನನ್ನಲ್ಲೂ ಇಲ್ಲ! ನನಗೇನೂ ತೊಂದರೆಯಿಲ್ಲವಾದ್ದರಿಂದ ಅದೇ ಕಾರಣ ಆಗಿರುವ ಸಾಧ್ಯತೆ ಕಡಿಮೆ ಅಂದರು. ನಿಮ್ಮನ್ನೂ ಕರೆದರೆ ಗಾಬರಿಯಾಗಬೇಡಿ.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್ ಮೇಡಂ. ಇದೂ ನಾರ್ಮಲ್ ಬಂದರೆ ಜೀನ್ ತೊಂದರೆ ಇಲ್ಲ ಅಂತ ತಾನೆ?

ಉತ್ತರ 1
ಹಾಗೆ ಹೇಳಲು ಆಗುವುದಿಲ್ಲ ಸರ್. ತುಂಡು ಹೆಚ್ಚುಕಡಿಮೆ ಆಗಿದ್ದರೆ ಮಾತ್ರ ಇದು ಹಿಡಿಯುತ್ತದೆ. ಒಂದೇ ಅಕ್ಷರ ತಪ್ಪಿದ್ದರೆ ಕಾಣದು. ಮಾತು, ಕಲಿಕೆ ತಡವಾಗಿಸುವ ಫ್ರಜೈಲ್ ಎಕ್ಸ್ ಎಂಬ ಜೀನ್ ತೊಂದರೆ ಕೂಡ ಇದರಲ್ಲಿ ಸಿಗುವುದಿಲ್ಲ, ಅದಕ್ಕೆ ಬೇರೆ ಟೆಸ್ಟ್. ಬೇಕಾ ಅಂತ ಡಾಕ್ಟರನ್ನು ಕೇಳಿ. ರಿಪೋರ್ಟ್ ಬರಲಿ ಅಂತ ಸ್ಪೀಚ್ ಥೆರಪಿ ಮಾತ್ರ ಮುಂದೂಡಬೇಡಿ, ನಾಳೆಯೇ ಶುರು ಮಾಡಿ.