ಜೈಲು ಕ್ವಾರ್ಟರ್ಸ್‌ನಲ್ಲಿ ಮನೆ ಮಾಡೋದಾ, ಹೊರಗೆ ಬಾಡಿಗೆಗೆ ಹೋಗೋದಾ?

ಪ್ರಶ್ನೆ:
ನಮ್ಮ ಯಜಮಾನರಿಗೆ ಒಂದು ಜಿಲ್ಲಾ ಕಾರಾಗೃಹದಲ್ಲಿ ವಾರ್ಡರ್ ಕೆಲಸ, ಅಂದರೆ ಕೈದಿಗಳನ್ನು ಕಾಯುವ ಕೆಲಸ ಸಿಕ್ಕಿದೆ. ಕ್ವಾರ್ಟರ್ಸ್ ಒಂದು ಖಾಲಿ ಇದೆ ಅಂದರು, ಭಾನುವಾರ ಹೋಗಿ ನೋಡಿ ಬಂದೆವು. ಅಡುಗೆಮನೆ ತಾರಸಿಯ ಗಾರೆ ಉದುರಿ ಕಂಬಿ ಕಾಣುತ್ತಿದೆ, ಹಿಂದಿದ್ದವರು ಅದರ ಕೆಳಗೆ ಟಾರ್ಪಾಲು ಕಟ್ಟಿದ್ದಾರೆ. ಮಗಳಿಗೆ ಆರು ವರ್ಷ. ಜೈಲಿನೊಳಗೆ ಮಗು ಬೆಳೆಸೋದಾ ಅಂತ ಅತ್ತೆ ಅಳುತ್ತಿದ್ದಾರೆ. ಅಲ್ಲಿ ಇದ್ದವರು ಯಾರಾದರೂ ಹೇಳಿ.

ಉತ್ತರ 1:
ಮೊದಲು ಅತ್ತೆಯವರಿಗೆ ಧೈರ್ಯ ಹೇಳಿ. ಕ್ವಾರ್ಟರ್ಸ್ ಇರುವುದು ಜೈಲಿನ ದೊಡ್ಡ ಗೋಡೆಯ ಹೊರಗೆ. ಬ್ರಿಟಿಷರ ಕಾಲದ 1894ರ ಕಾರಾಗೃಹ ಕಾಯ್ದೆಯಲ್ಲಿ ವಾರ್ಡರ್‌ಗಳ ಮೇಲಧಿಕಾರಿಯಾದ ಜೈಲರ್‌ಗೆ ಕಟ್ಟುನಿಟ್ಟು ಜಾಸ್ತಿ, ಜೈಲಿನ ಮುಖ್ಯಸ್ಥರಾದ ಅಧೀಕ್ಷಕರ ಲಿಖಿತ ಅನುಮತಿ ಇಲ್ಲದೆ ಬೇರೆ ಕಡೆ ವಾಸ ಮಾಡುವಂತಿಲ್ಲ, ಒಂದು ರಾತ್ರಿ ಕೂಡ ಜೈಲು ಬಿಟ್ಟಿರುವಂತಿಲ್ಲ. ವಾರ್ಡರ್‌ಗಳಿಗೆ ಹತ್ತಿರ ಮನೆ ಕೊಡುವುದಕ್ಕೂ ಕಾರಣ ಇದೆ. ಅಲಾರಂ ಹೊಡೆದರೆ ಡ್ಯೂಟಿ ಇಲ್ಲದವರೂ ಓಡಬೇಕು. ಕ್ವಾರ್ಟರ್ಸ್ ತೆಗೆದುಕೊಂಡರೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಬರಲ್ಲ. ಬೇಡ ಅಂತ ಬರೆದುಕೊಟ್ಟರೆ ಏನಾಗುತ್ತದೆ ಅನ್ನೋದನ್ನ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಉತ್ತರ 2:
ನಾನು ವಾರ್ಡರ್ ಮಗಳು ಅಕ್ಕಾ, ಹತ್ತನೇ ಕ್ಲಾಸಿನವರೆಗೆ ಕ್ವಾರ್ಟರ್ಸ್‌ನಲ್ಲೇ ಬೆಳೆದೆ. ಒಂದು ರಾತ್ರಿ ಊಟಕ್ಕೆ ಕೂತಾಗ ಜೈಲಿನ ಅಲಾರಂ ಗಂಟೆ ಹೊಡೆಯಿತು. ಅಪ್ಪ ಕೈ ತೊಳೆಯಲಿಲ್ಲ, ಬನಿಯನ್ ಮೇಲೆ ಖಾಕಿ ಅಂಗಿ ಹಾಕಿಕೊಂಡು ಗುಂಡಿ ಹಾಕುತ್ತಲೇ ಓಡಿದರು. ಅಮ್ಮ ಆ ತಟ್ಟೆ ಮುಚ್ಚಿಟ್ಟು ಬೆಳಗಿನವರೆಗೆ ಬಾಗಿಲಲ್ಲೇ ಕೂತಿದ್ದಳು. ಆದರೆ ಒಬ್ಬಳೇ ಅಲ್ಲ, ಸಾಲಿನ ಎಲ್ಲ ಮನೆಯ ಅಮ್ಮಂದಿರೂ ಹೊರಗೆ ಬಂದು ಕೂತಿದ್ದರು. ಬಾಡಿಗೆ ಮನೆಯಲ್ಲಿ ಆ ಜೊತೆ ಸಿಗಲ್ಲ. ಶಾಲೆಯಲ್ಲಿ ಮಾತ್ರ ಕಷ್ಟ ಆಯಿತು, ನನ್ನ ಹುಟ್ಟುಹಬ್ಬಕ್ಕೆ ಗೆಳತಿಯರನ್ನ ಅವರ ಮನೆಯವರು ಕಳಿಸಲೇ ಇಲ್ಲ. ಮಗಳಿಗೆ ಈಗಿನಿಂದಲೇ ಅಪ್ಪನ ಕೆಲಸ ಏನು ಅಂತ ಬಿಡಿಸಿ ಹೇಳಿ.

ಉತ್ತರ 3:
ನಾನು ನಿವೃತ್ತ ಜೈಲರ್. 2002ರಲ್ಲಿ ಶುರುವಾದ ಕಾರಾಗೃಹ ಆಧುನೀಕರಣ ಯೋಜನೆಯಲ್ಲಿ ದೇಶದಾದ್ಯಂತ 8,568 ಸಿಬ್ಬಂದಿ ಮನೆಗಳು ಎದ್ದವು, ಖರ್ಚಿನಲ್ಲಿ ಕೇಂದ್ರದ್ದು ನೂರಕ್ಕೆ 75 ಪಾಲು, ರಾಜ್ಯದ್ದು 25. ಕಟ್ಟೋಕೆ ದುಡ್ಡು ಬರುತ್ತದೆ, ಸೋರುವ ಸೂರಿಗೆ ಬರುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ, ಅದೇ ನನಗೆ ಸಂಕಟ. ಮಗಳೇ, ರಿಪೇರಿ ಆಗದೆ ಬೀಗದ ಕೈ ತೆಗೆದುಕೊಳ್ಳಬೇಡಿ. ಫೋಟೋ ಇಟ್ಟು ಅಧೀಕ್ಷಕರಿಗೆ ಅರ್ಜಿ ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಅತ್ತೆಗೆ ಇದನ್ನೆಲ್ಲ ಓದಿ ಹೇಳಿದೆ. ಸೋಮವಾರ ಅರ್ಜಿ ಕೊಡುತ್ತೇವೆ, ತಾರಸಿ ಸರಿಯಾದರೆ ಅಲ್ಲಿಗೇ ಹೋಗುತ್ತೇವೆ.